ಗದ್ದಲ ಕಳೆದ ಮೇಲೆ

ಸೋರೆಕಾಯಿ ಮಾತಾಡಿದ್ದು ಮಂಗಳವಾರ, ಮಧ್ಯಾಹ್ನದ ಊಟಕ್ಕೆ ಸ್ವಲ್ಪ ಮುಂಚೆ. "ಆರಾಮ ಅದೀನಿ, ಚಿಂತಿ ಮಾಡಬ್ಯಾಡ" ಎಂದಿತು. ದನಿ ಐವತ್ತು ದಾಟಿದ ಗಂಡಸಿನದು, ತುಸು ಒರಟು. ಇಂದುಮತಿ ಪತ್ತಾರ ಕೈಯಲ್ಲಿದ್ದ ಇಕ್ಕಳವನ್ನು ಮೇಜಿನ ಮೇಲಿಟ್ಟು, ಕೋಣೆಯಲ್ಲಿ ಬೇರೆ ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿದಳು. ಯಾರೂ ಇರಲಿಲ್ಲ.

ಅವಳು ಹುಬ್ಬಳ್ಳಿಯ ಮಾತಿನ ಪಟ್ಟಿ ಕೇಂದ್ರದಲ್ಲಿ ಹನ್ನೊಂದು ವರ್ಷದಿಂದ ತಂತ್ರಜ್ಞೆ. ಪಾರ್ಶ್ವವಾಯುವಿನಿಂದಲೋ ನರಗಳ ಕಾಯಿಲೆಯಿಂದಲೋ ಮಾತು ನಿಂತುಹೋದವರ ಕೊರಳಿಗೆ ಸುತ್ತುವ ಸಾಧನ ಈ ಪಟ್ಟಿ. ಮನುಷ್ಯ ಏನಾದರೂ ಹೇಳಬೇಕೆಂದುಕೊಂಡಾಗ, ತುಟಿ ಅಲುಗದಿದ್ದರೂ ಗಂಟಲಿನ ಸ್ನಾಯುಗಳಿಗೆ ಒಂದಿಷ್ಟು ವಿದ್ಯುತ್ ಸಂಕೇತ ಬರುತ್ತದೆ. ಪಟ್ಟಿಯ ಒಳಮೈಯಲ್ಲಿರುವ ಆರು ಬೆಳ್ಳಿ ಬಿಲ್ಲೆಗಳು ಅದನ್ನು ಹಿಡಿಯುತ್ತವೆ. ಸಣ್ಣ ಗಣಕವೊಂದು ಅದನ್ನು ಪದಗಳಾಗಿಸಿ, ಆ ವ್ಯಕ್ತಿಯದೇ ಹಳೆಯ ದನಿಯಲ್ಲಿ ನುಡಿಯುತ್ತದೆ.

ದುರಸ್ತಿಯಾದ ಪಟ್ಟಿಯನ್ನು ಮನೆಗೆ ಕಳಿಸುವ ಮುನ್ನ ಕಂಪನಿ ಕೊಟ್ಟ ಉಪ್ಪುನೀರಿನ ಬಾಟಲಿಗೆ ಸುತ್ತಿ ನೋಡುವುದು ಪದ್ಧತಿ. ಬಾಟಲಿಗೆ ಹೇಳುವುದೇನೂ ಇರುವುದಿಲ್ಲ, ಆದ್ದರಿಂದ ಪಟ್ಟಿ ಸುಮ್ಮನಿರಬೇಕು. ಅಂದು ಬಾಟಲಿ ಸೀಳಿ ನೀರು ಸೋರುತ್ತಿತ್ತು. ಬೆಳಿಗ್ಗೆ ಸಂತೆಯಲ್ಲಿ ಕೊಂಡ ಸೋರೆಕಾಯಿ ಚೀಲದಲ್ಲಿತ್ತು. ಒಳಗೆಲ್ಲ ನೀರು, ಸುತ್ತಲು ಅನುಕೂಲವಾದ ಕುತ್ತಿಗೆ. ಇಂದುಮತಿ ಅದರ ಸಿಪ್ಪೆ ಹೆರೆದು, ಅಂಟು ಹಚ್ಚಿ, ಫಕೀರಪ್ಪ ಬಡಿಗೇರ ಎಂಬವರ ಪಟ್ಟಿಯನ್ನು ಸುತ್ತಿದ್ದಳು.

ಆಮೇಲೆ ಕಪಾಟಿನಲ್ಲಿದ್ದ ಇನ್ನೂ ಮೂರು ಪಟ್ಟಿಗಳನ್ನು ಒಂದಾದ ಮೇಲೊಂದು ಅದೇ ಕಾಯಿಗೆ ಸುತ್ತಿದಳು. ಒಂದು ಚಹಾ ಕೇಳಿತು. ಒಂದು, ಕಿಟಕಿ ಮುಚ್ಚು ಎಂದಿತು. ಮೂರನೆಯದು ಮುದುಕಿಯ ದನಿಯಲ್ಲಿ ಯಾರನ್ನೋ ಹರಸಿತು.

ಹೀಗೇಕೆ ಆಗುತ್ತಿದೆ ಎಂಬುದು ಸಂಜೆಯ ಹೊತ್ತಿಗೆ ಅವಳಿಗೆ ಅರ್ಥವಾಗಿತ್ತು. ಊರಿಗೆ ಗೋಡೆ ಕರೆಂಟು ಬಂದು ಮೂರು ವರ್ಷ. ಈಗ ಯಾರ ಮನೆಯಲ್ಲೂ ವೈರಿಲ್ಲ, ಪ್ಲಗ್ಗಿಲ್ಲ. ಗೋಡೆಯೊಳಗಿನ ತಾಮ್ರದ ಸುರುಳಿಗಳು ಗಾಳಿಯಲ್ಲೇ ವಿದ್ಯುತ್ ಹರಡುತ್ತವೆ. ದೀಪ, ಫ್ಯಾನು, ಮಿಕ್ಸರ್ ಎಲ್ಲವೂ ಅದನ್ನೇ ಹೀರಿ ನಡೆಯುತ್ತವೆ. ಮನುಷ್ಯನ ಮೈ ಕೂಡ ಅದನ್ನು ಆಂಟೆನಾದಂತೆ ಹೀರುತ್ತದೆ. ಗಂಟಲಿನ ಸಂಕೇತ ಒಂದು ವೋಲ್ಟಿನ ಲಕ್ಷದಲ್ಲೊಂದು ಪಾಲು. ಗೋಡೆಯಿಂದ ಮೈಗೆ ಹತ್ತುವ ವಿದ್ಯುತ್ತಿನ ಗದ್ದಲ ಅದರ ಸಾವಿರಾರು ಪಟ್ಟು. ಗೋಡೆ ಕರೆಂಟು ಬಂದ ಹೊಸದರಲ್ಲಿ ಪಟ್ಟಿಗಳೆಲ್ಲ ಬರೀ ಗೊರಗೊರ ಅನ್ನತೊಡಗಿದ್ದವು. ಆಗ ಕಂಪನಿಯವರು 'ಶುದ್ಧಿ' ಎಂಬ ಹೊಸ ಪ್ರೋಗ್ರಾಮು ಕಳಿಸಿದರು. ಗದ್ದಲ ಮಾಯವಾಗಿ ಪಟ್ಟಿಗಳು ಮೊದಲಿಗಿಂತ ಚೆನ್ನಾಗಿ ಮಾತಾಡಿದವು. ಜನ ಪೇಡೆ ಹಂಚಿದ್ದರು.

ಶುದ್ಧಿ ಗದ್ದಲವನ್ನು ಕಳೆಯುತ್ತಿರಲಿಲ್ಲ. ಗದ್ದಲದಲ್ಲಿ ಕಾಣದೆ ಹೋದದ್ದನ್ನು ಊಹಿಸುತ್ತಿತ್ತು. ಆ ವ್ಯಕ್ತಿಯ ಹಳೆಯ ಫೋನ್ ಮಾತುಗಳು, ದಿನದ ಹೊತ್ತು, ಎದುರಿಗಿದ್ದವರು ಕೇಳಿದ ಪ್ರಶ್ನೆ ಇವನ್ನೆಲ್ಲ ಲೆಕ್ಕ ಹಾಕಿ, ಈಗ ಇವರು ಇದನ್ನು ಹೇಳಿಯಾರು ಎಂದು ತಾನೇ ಹೇಳುತ್ತಿತ್ತು. ಊಹೆ ಕೇಳುವವರಿಗೆ ಹಿತವಾದರೆ ಅದೇ ಸರಿ ಎಂದು ಕಲಿಯುತ್ತಿತ್ತು. ಕಂಪನಿಯ ಬಾಟಲಿಗೆ ಸುತ್ತಿದಾಗ ಮಾತ್ರ, ಬಾಟಲಿಯ ಗುರುತು ಹಿಡಿದು ಪರೀಕ್ಷೆಯ ಸ್ಥಿತಿಗೆ ಹೋಗಿ ಬಾಯಿ ಮುಚ್ಚುತ್ತಿತ್ತು. ಸೋರೆಕಾಯಿಯ ಗುರುತು ಅದಕ್ಕಿರಲಿಲ್ಲ.

ಇಂದುಮತಿ ಎರಡು ಪುಟದ ವರದಿ ಬರೆದು ಮ್ಯಾನೇಜರ್ ಶ್ರೀಧರ ಹಂಪಿಹೊಳಿಯವರ ಮುಂದಿಟ್ಟಳು. ಅವರು ಎರಡು ಸಲ ಓದಿದರು.

"ಜಿಲ್ಲಾದಾಗ ಎಷ್ಟ ಪಟ್ಟಿ ಅವ?"

"ಮುನ್ನೂರಾ ಹನ್ನೆರಡು ಸರ. ಎಲ್ಲಾ ಮಾತೂ ಸುಳ್ಳ ಅಂತ ನಾ ಹೇಳೂದಿಲ್ಲ. ಯಾವುದು ಅವರದು, ಯಾವುದು ಪಟ್ಟೀದು ಅಂತ ಗೊತ್ತಾಗೂದಿಲ್ಲ, ಅಷ್ಟ."

"ಶುದ್ಧಿ ತಗದ್ರ ಮುನ್ನೂರಾ ಹನ್ನೆರಡು ಮಂದಿ ನಾಳಿಂದ ಮೂಕರಾಗ್ತಾರ, ಇಂದುಮತಿ. ಅವರ ಮನೀಯವರಿಗೆ ಏನ ಹೇಳೋಣ?"

"ಫಕೀರಪ್ಪ ಬಡಿಗೇರ ಅನ್ನಾವರಿಗೆ ಶುಕ್ರವಾರ ಆಪರೇಷನ್ ಅದ ಸರ. ಗಂಟಲದ ನರಕ್ಕ ತಂತಿ ಜೋಡಸ್ತಾರ. ಹತ್ತರಾಗ ಒಬ್ಬರು ಏಳೂದಿಲ್ಲ. ಒಪ್ಪಿಗಿ ಕೊಟ್ಟದ್ದು ಈ ಪಟ್ಟಿ."

ಹಂಪಿಹೊಳಿ ವರದಿಯನ್ನು ಮಡಚಿ ಖಾನೆಯಲ್ಲಿಟ್ಟರು. ಮೇಲಿನವರಿಗೆ ಹೋಗಬೇಕಾದರೆ ಅವರ ಸಹಿ ಬೇಕು. "ನೋಡೋಣ" ಎಂದರು. ಆ ಮನೆಗೆ ಹೋಗಬೇಡ ಎಂದು ಮಾತ್ರ ಅವರು ಹೇಳಲಿಲ್ಲ.

ಬುಧವಾರ ಇಂದುಮತಿ ಬಡಿಗೇರರ ಮನೆಗೆ ಹೋದಳು. ರೈಲ್ವೆ ನಿಲ್ದಾಣದ ಹಿಂದಿನ ಮೂರಂತಸ್ತಿನ ಕಟ್ಟಡದಲ್ಲಿ ನೆಲಮಾಳಿಗೆಯ ಮೇಲಿನ ಮನೆ. ಫಕೀರಪ್ಪ ರೈಲ್ವೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು, ವಯಸ್ಸು ಐವತ್ತೆರಡು. ಎಂಟು ತಿಂಗಳ ಹಿಂದೆ ಮೆದುಳಿನ ಬುಡದಲ್ಲಿ ರಕ್ತ ಹೆಪ್ಪುಗಟ್ಟಿ, ಕುತ್ತಿಗೆಯಿಂದ ಕೆಳಗೂ ಮೇಲೂ ಏನೂ ಅಲುಗದಾಗಿತ್ತು. ರೆಪ್ಪೆಗಳು ತಮ್ಮಷ್ಟಕ್ಕೆ ಅದುರುತ್ತಿದ್ದುದರಿಂದ ಕಣ್ಣಿನ ಸನ್ನೆಯನ್ನೂ ನಂಬುವಂತಿರಲಿಲ್ಲ. ಪಟ್ಟಿ ಬಂದು ಚೆನ್ನಾಗಿ ಮಾತಾಡತೊಡಗಿದ ಮೇಲೆ ಯಾರೂ ಬೇರೆ ದಾರಿ ಹುಡುಕಲಿಲ್ಲ.

ಹೆಂಡತಿ ರತ್ನವ್ವ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಇಂದುಮತಿ ಹೇಳಿದ್ದನ್ನೆಲ್ಲ ಕೈ ನಿಲ್ಲಿಸದೆ ಕೇಳಿದಳು.

"ನನಗ ಅನಮಾನ ಇತ್ತರಿ ಬಾಯಾರ" ಎಂದಳು ಕೊನೆಗೆ. "ಇಪ್ಪತ್ತಾರು ವರ್ಷ ಸಂಸಾರ ಮಾಡೇನಿ. ಇವರು ಒಂದ ದಿನಾನೂ 'ದಣದಿ, ಕುಂಡ್ರು' ಅಂದವರಲ್ಲ. ಈಗ ದಿನಾ ಅಂತಾರ. ಬ್ಯಾನಿ ಬಿದ್ದ ಮ್ಯಾಲ ಮನಸು ಮೆತ್ತಗಾಗೇತಿ ಅಂತ ತಿಳಕೊಂಡೆ. ಅದನ್ನೂ ನೀವು ಕಸಗೊಂಡ ಹೋಗಬ್ಯಾಡ್ರಿ."

ಇಂದುಮತಿಗೆ ಬಾಯಿಮಾತಿನಲ್ಲಿ ಹೇಳಿ ಉಪಯೋಗವಿಲ್ಲ ಅನ್ನಿಸಿತು. ಚೀಲದಿಂದ ಫಕೀರಪ್ಪನ ಪಟ್ಟಿ ಸುತ್ತಿದ ಸೋರೆಕಾಯಿಯನ್ನು ತೆಗೆದು ಒಲೆಯ ಪಕ್ಕದಲ್ಲಿಟ್ಟು ಗುಂಡಿ ಒತ್ತಿದಳು. ರತ್ನವ್ವನ ಕೈಯ ತಟ್ಟೆ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಸೋರೆಕಾಯಿ, "ರತ್ನಾ, ದಣದಿ, ಕುಂಡ್ರು" ಎಂದಿತು.

ರತ್ನವ್ವ ಒಲೆ ಆರಿಸಿದಳು. ಒಳಕೋಣೆಯ ಬಾಗಿಲು ತೆರೆದೇ ಇತ್ತು; ಮಂಚದ ಮೇಲೆ ಗಂಡ ಚಾವಣಿ ನೋಡುತ್ತ ಮಲಗಿದ್ದ. ಪಟ್ಟಿಯಿಲ್ಲದ ಅವನ ಕೊರಳಲ್ಲಿ ತಿಂಗಳುಗಟ್ಟಲೆ ಕಟ್ಟಿದ್ದರ ಬೆಳ್ಳನೆಯ ಗುರುತಿತ್ತು.

"ಇವರಿಗೆ ಕಿವಿ ಕೇಳತಾವಲ್ರಿ" ಎಂದಳು. "ಎಲ್ಲಾ ಕೇಳಿರಬೇಕಲ್ರಿ. ಇಷ್ಟು ದಿನಾ ಇವರ ಮುಂದ ಕುಂತು ಬ್ಯಾರೆ ಯಾರದೋ ಜೋಡಿ ಸಂಸಾರ ಮಾಡಿದಂಗಾತಲ್ರಿ."

ಹಿಟ್ಟಿನ ಕೈ ತೊಳೆದುಕೊಂಡು ಬಂದು ಕೇಳಿದಳು. "ಏನ ಮಾಡಬೇಕು ಹೇಳ್ರಿ."

ಮಾಡಬೇಕಾದ ಕೆಲಸ ಹಳೆಯ ಕಾಲದ್ದು. ಯಾವ ಪ್ರೋಗ್ರಾಮೂ ಇಲ್ಲದಿದ್ದಾಗ ಹೃದಯದ, ಮೆದುಳಿನ ಸಂಕೇತ ಬರೆದುಕೊಳ್ಳುತ್ತಿದ್ದವರು ಗದ್ದಲವನ್ನು ಬಂದ ಮೇಲೆ ಅಳಿಸುತ್ತಿರಲಿಲ್ಲ, ಬಾರದಂತೆ ತಡೆಯುತ್ತಿದ್ದರು. ಇಂದುಮತಿ ತರಬೇತಿಯಲ್ಲಿ ಕಲಿತು ಮರೆತಿದ್ದ ಪಾಠಗಳನ್ನು ಆ ಸಂಜೆ ಮನೆಯಲ್ಲಿ ಹಳೆಯ ವಹಿ ತೆಗೆದು ಓದಿದಳು. ಗಂಡ ಸೋರೆಕಾಯಿ ಎಲ್ಲಿ, ಪಲ್ಯಕ್ಕೆ ಬೇಕಿತ್ತಲ್ಲ ಎಂದು ಕೇಳಿದಾಗ, ಅದು ಡ್ಯೂಟಿ ಮೇಲೆ ಐತಿ ಎಂದಳು.

ಗುರುವಾರ ಬೆಳಿಗ್ಗೆ ಹಾರ್ಡ್‌ವೇರ್ ಅಂಗಡಿಯಿಂದ ಕಿಟಕಿಗೆ ಬಡಿಯುವ ತಾಮ್ರದ ಜಾಲರಿ ತಂದು, ಸೊಳ್ಳೆಪರದೆಯ ಹಾಗೆ ಮಂಚದ ಸುತ್ತ ಮೇಲೆ ಕೆಳಗೆ ಕಟ್ಟಿದಳು. ಅದರ ಒಂದು ತುದಿಯನ್ನು ಅಂಗಳದಲ್ಲಿ ನೆಲಕ್ಕೆ ಹೊಡೆದ ಕಬ್ಬಿಣದ ಸರಳಿಗೆ ಬಿಗಿದಳು. ಆದರೆ ಜಾಲರಿ ಅರ್ಧ ಗದ್ದಲವನ್ನಷ್ಟೇ ತಡೆಯುತ್ತದೆ. ಗೋಡೆಯ ಸುರುಳಿಗಳ ಕಾಂತಬಲ ಅದನ್ನು ತೂರಿಕೊಂಡು ಬರುತ್ತದೆ. ಅದಕ್ಕೆ ಸುರುಳಿಯನ್ನೇ ಆರಿಸಬೇಕು. ಕಟ್ಟಡದ ಗೋಡೆಗಳೋ ಮನೆಯಿಂದ ಮನೆಗೆ ಕೂಡಿಕೊಂಡಂಥವು. ಹನ್ನೊಂದು ಮನೆ.

ರತ್ನವ್ವ ಒಂದೊಂದೇ ಬಾಗಿಲು ತಟ್ಟಿದಳು. ಮೂರರಿಂದ ಐದರವರೆಗೆ ಕರೆಂಟು ಆರಿಸಿ ಎಂದು ಕೇಳಿದಳು. ಕೆಲವರು ಕಾರಣ ಕೇಳಿದರು, ಕೆಲವರು ಕೇಳಲಿಲ್ಲ. ಮೇಲಿನ ಮನೆಯ ಹೊಲಿಗೆಯ ಶಮೀಮ್‌ಬಾನು, ನಾಳೆಯ ಮದುವೆಯ ರವಿಕೆಗಳು ಬಾಕಿ ಇವೆ ಎಂದಳು. ಆಮೇಲೆ ತಾನೇ ಕೆಳಗಿಳಿದು ಬಂದು, "ಕೈಲೆ ಹೊಲೀತೀನಿ ಬಿಡ್ರಿ ರತ್ನಕ್ಕ" ಎಂದು ಹೇಳಿ ಹೋದಳು.

ಮೂರು ಗಂಟೆಗೆ ಕಟ್ಟಡ ತಣ್ಣಗಾಯಿತು. ಫ್ಯಾನುಗಳು ನಿಂತವು. ಇಂದುಮತಿ ಫಕೀರಪ್ಪನ ಕೊರಳನ್ನು ಒರಟು ಪೇಸ್ಟಿನಿಂದ ಉಜ್ಜಿ ಒಣಚರ್ಮ ತೆಗೆದು, ಸ್ಪಿರಿಟ್ ಹಚ್ಚಿ, ಆರು ಬಿಲ್ಲೆ ಅಂಟಿಸಿದಳು. ಆರು ತಂತಿಗಳನ್ನು ಜಡೆ ಹೆಣೆದ ಹಾಗೆ ಹೊಸೆದಳು. ಹಾಗೆ ಹೊಸೆದರೆ ಎಲ್ಲ ತಂತಿಗೂ ಒಂದೇ ಪ್ರಮಾಣದಲ್ಲಿ ಗದ್ದಲ ಹತ್ತಿ, ಒಂದರಿಂದೊಂದನ್ನು ಕಳೆದಾಗ ಅದು ಹೊರಟುಹೋಗುತ್ತದೆ. ಇನ್ನೊಂದು ತಂತಿಯನ್ನು ಬಲಗಾಲಿಗೆ ಕಟ್ಟಿದಳು. ಮೈಯಲ್ಲಿ ಉಳಿದಿದ್ದ ಗದ್ದಲವನ್ನು ಅಳೆದು, ಅದನ್ನೇ ತಲೆಕೆಳಗು ಮಾಡಿ ಆ ತಂತಿಯ ಮೂಲಕ ಮೈಗೆ ವಾಪಸ್ ಕೊಡಬೇಕು. ಎರಡೂ ಎದುರುಬದುರಾಗಿ ಸಾಯುತ್ತವೆ. ಯಂತ್ರ ನಡೆಯುವುದು ಬ್ಯಾಟರಿಯಲ್ಲಿ. ಶುದ್ಧಿ ಇಲ್ಲ, ಊಹೆ ಇಲ್ಲ, ದನಿಯೂ ಇಲ್ಲ. ಪರದೆಯ ಮೇಲೆ ಒಂದು ಗೆರೆ ಮಾತ್ರ.

ಮೊದಲು ಎಲ್ಲವನ್ನೂ ಸೋರೆಕಾಯಿಗೆ ಕಟ್ಟಿ ನೋಡಿದ್ದಳು. ಗೆರೆ ನೆಟ್ಟಗಿತ್ತು. ಈಗ ಫಕೀರಪ್ಪನ ಗೆರೆ ನೂಲಿನಂತೆ ನಡುಗುತ್ತಿತ್ತು.

ಮರುದಿನ ಆಪರೇಷನ್ ಮಾಡಬೇಕಿದ್ದ ಡಾಕ್ಟರಮ್ಮನನ್ನೂ ಇಂದುಮತಿ ಕರೆಸಿದ್ದಳು. ಆಕೆ ಗಡಿಯಾರ ನೋಡುತ್ತ ಮೂಲೆಯ ಕುರ್ಚಿಯಲ್ಲಿ ಕೂತಿದ್ದರು.

"ಫಕೀರಪ್ಪನವರ, ನಾನು ಕೇಳಿದ್ದು ಖರೇ ಇದ್ರ ಒಂದ ಸಲ ನುಂಗಾಕ ಪ್ರಯತ್ನ ಮಾಡ್ರಿ. ಸುಳ್ಳಿದ್ರ ಸುಮ್ಮನಿರ್ರಿ" ಎಂದಳು ಇಂದುಮತಿ. "ನಿಮ್ಮ ಹೆಸರು ಬಸವರಾಜ."

ಗೆರೆ ಹಾಗೇ ಇತ್ತು.

"ನಿಮ್ಮ ಹೆಸರು ಫಕೀರಪ್ಪ."

ಒಂದು, ಎರಡು, ಮೂರು ಕ್ಷಣ. ಗೆರೆಯಲ್ಲಿ ಜೋಳದ ಕಾಳಿನಷ್ಟು ಉಬ್ಬು ಎದ್ದು ಇಳಿಯಿತು. ಇಂದುಮತಿ ಹೆಸರುಗಳನ್ನು ಹಿಂದುಮುಂದು ಮಾಡಿ ಇಪ್ಪತ್ತು ಸಲ ಕೇಳಿದಳು. ಇಪ್ಪತ್ತರಲ್ಲಿ ಹತ್ತೊಂಬತ್ತು ಸರಿಯಾಯಿತು. ಡಾಕ್ಟರಮ್ಮ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು.

ಇನ್ನು ಅಕ್ಷರ. ರತ್ನವ್ವ ಮಂಚದ ಪಕ್ಕ ಕೂತು ವರ್ಣಮಾಲೆಯ ಸಾಲುಗಳನ್ನು ಹೇಳಿದಳು. ಕ ಸಾಲು, ಚ ಸಾಲು, ಟ ಸಾಲು. ಉಬ್ಬು ಎದ್ದ ಸಾಲಿನಲ್ಲಿ ಒಂದೊಂದೇ ಅಕ್ಷರ. ಕಾಗುಣಿತ, ಒತ್ತು, ಸೊನ್ನೆ ಬಿಟ್ಟುಬಿಡುವುದು ಎಂದು ಮೊದಲೇ ಮಾತಾಗಿತ್ತು. ಹತ್ತು ನಿಮಿಷಕ್ಕೆ ಎರಡು ಅಕ್ಷರ ಸಿಕ್ಕವು: ಹ, ಲ.

"ಹಾಲ ಕೇಳಾಕತ್ತಾರ" ಎಂದು ರತ್ನವ್ವ ಎದ್ದಳು.

"ತಡೀರಿ ಅಕ್ಕಾರ, ಅವರನ್ನ ಕೇಳ್ರಿ."

"ಹಾಲೇನ್ರಿ?"

ಗೆರೆ ನೆಟ್ಟಗಿತ್ತು.

"ಹಲ್ಲ?"

ಉಬ್ಬು ಎದ್ದಿತು. ಡಾಕ್ಟರಮ್ಮ ಜಾಲರಿಯ ಒಳಗೆ ಬಂದು, ಫಕೀರಪ್ಪನ ಬಾಯಿ ತೆರೆದು ಟಾರ್ಚು ಹಾಕಿದರು. ಎಡಗಡೆ ಕೊನೆಯ ದವಡೆಹಲ್ಲು ಕೊಳೆತು, ಸುತ್ತಲಿನ ವಸಡು ಕೀವುಗಟ್ಟಿತ್ತು. "ಎರಡು ಮೂರು ತಿಂಗಳಿನದು" ಎಂದರು. "ಇದರ ನೋವು ಮಲಗಗೊಡುವುದಿಲ್ಲ."

ಎರಡು ಮೂರು ತಿಂಗಳಿಂದಲೂ ಪಟ್ಟಿ ಪ್ರತಿದಿನ ಬೆಳಿಗ್ಗೆ, ನಿದ್ದಿ ಚಲೋ ಆತು ಎನ್ನುತ್ತಿತ್ತು. ರತ್ನವ್ವ ಸೆರಗಿನ ತುದಿಯಿಂದ ಗಂಡನ ಬಾಯಿಯ ಕೊನೆ ಒರೆಸಿದಳು.

ಆಪರೇಷನ್ನಿನ ವಿಷಯವನ್ನು ಡಾಕ್ಟರಮ್ಮನೇ ಕೇಳಿದರು. ಏನು ಮಾಡುತ್ತೇವೆ, ಏನಾಗಬಹುದು, ಹತ್ತರಲ್ಲಿ ಒಬ್ಬರಿಗೆ ಏನಾಗುತ್ತದೆ, ಎಲ್ಲವನ್ನೂ ನಿಧಾನವಾಗಿ ಹೇಳಿದರು. ಬೇಕಾದರೆ ನುಂಗಿ ಎಂದಾಗ ಗೆರೆ ಅಲುಗಲಿಲ್ಲ. ಬೇಡವಾದರೆ ನುಂಗಿ ಎಂದಾಗ ಉಬ್ಬಿತು. ಹಿಂದುಮುಂದು ಮಾಡಿ ಐದು ಸಲ ಕೇಳಿದರು. ಐದು ಸಲವೂ ಬೇಡ. ಡಾಕ್ಟರಮ್ಮ ತಮ್ಮ ಕಡತದಲ್ಲಿ ಒಂದು ಹಾಳೆಗೆ ಅಡ್ಡಗೆರೆ ಎಳೆದು, ಕೆಳಗೆ ವೇಳೆ ಬರೆದರು.

ಐದಕ್ಕೆ ಹತ್ತು ನಿಮಿಷ ಇತ್ತು. ಇನ್ನೇನಾದರೂ ಹೇಳುವುದಿದೆಯೇ ಎಂದು ಇಂದುಮತಿ ಕೇಳಿದಳು. ಉಬ್ಬು. ಸಾಲುಗಳು ಮತ್ತೆ ಶುರುವಾದವು. ಬ. ದ. ರತ್ನವ್ವ, "ಯಾರ ಬಂದ್ರು ಅಂತ ಕೇಳಾಕತ್ತಾರೇನ?" ಎಂದಳು. ಗೆರೆ ಸುಮ್ಮನಿತ್ತು. ಮ. ಡ. ಮೇಲಿನ ಮನೆಯಲ್ಲಿ ಯಾರೋ ಕುರ್ಚಿ ಸರಿಸಿದ ಸದ್ದಾಯಿತು.

ಇಂದುಮತಿಗೆ ಮೊದಲು ತಿಳಿಯಿತು. ಅವಳು ರತ್ನವ್ವನತ್ತ ತಿರುಗಿದಳು.

"ಬಂದ್ ಮಾಡ" ಎಂದಳು ರತ್ನವ್ವ. "ಆ ಪಟ್ಟಿ ಬಂದ್ ಮಾಡ ಅಂತೇನ್ರಿ?"

ಉಬ್ಬು ಎದ್ದಿತು. ಅವಳು ಮತ್ತೆ ಕೇಳುವ ಮುನ್ನವೇ ಇನ್ನೊಂದು ಎದ್ದಿತು, ಅದರ ಹಿಂದೆ ಮತ್ತೊಂದು.

ಐದು ಗಂಟೆಗೆ ಕಟ್ಟಡದ ಫ್ಯಾನುಗಳು ತಿರುಗಿದವು. ಗೆರೆ ಒಮ್ಮೆಲೇ ಪರದೆ ತುಂಬ ಗದ್ದಲವಾಗಿ ಹರಡಿ, ಫಕೀರಪ್ಪ ಅದರೊಳಗೆ ಕಾಣದಾದ.

ಇದಾಗಿ ಎರಡು ದಿನಕ್ಕೆ, ಶನಿವಾರ ಮಧ್ಯಾಹ್ನ ಹಂಪಿಹೊಳಿ ಇಂದುಮತಿಯ ಮೇಜಿನ ಬಳಿ ಬಂದು ನಿಂತರು. ಡಾಕ್ಟರಮ್ಮ ಅವರಿಗೆ ಫೋನು ಮಾಡಿದ್ದರು. ವರದಿ ಇನ್ನೂ ಖಾನೆಯಲ್ಲೇ ಇತ್ತು.

"ಆ ಜಾಲರಿ ಬಿಚ್ಚಿ ಬ್ಯಾರೆ ಕಡೆ ಕಟ್ಟಲಿಕ್ಕೆ ಎಷ್ಟ ಹೊತ್ತು ಹಿಡೀತದ?" ಎಂದು ಕೇಳಿದರು.

"ಅದು ಅವರ ಮನ್ಯಾಗ ಇರಬೇಕ್ರಿ ಸರ. ದಿನಾ ಮೂರರಿಂದ ಐದು ಮಾತಾಡ್ತಾರ. ಹೊಸಾದು ತರಬೇಕು. ಯಾರ ಮನೀಗ್ರಿ?"

"ನಮ್ಮನೀಗೆ. ನಮ್ಮ ಅವ್ವಗ ಎರಡ ವರ್ಷ ಆತು ಪಟ್ಟಿ ಹಾಕಿ."

ಹನ್ನೊಂದು ವರ್ಷ ಒಂದೇ ಕಚೇರಿಯಲ್ಲಿದ್ದರೂ ಇಂದುಮತಿಗೆ ಇದು ಗೊತ್ತಿರಲಿಲ್ಲ. "ಸರ, ನೋಡಲೇಬೇಕಂತೀರೇನು?" ಎಂದಳು.

"ಮಂಗಳವಾರದಿಂದ ಮನ್ಯಾಗ ಆಕಿ ಮುಂದ ಕೂಡಲಿಕ್ಕೆ ಆಗವಲ್ದು. ಆಕಿ ಮಾತಾಡಿದ್ರ ನಾ ಎದ್ದ ಹೊರಗ ಹೋಗ್ತೀನಿ."

ಹಂಪಿಹೊಳಿಯವರದು ಒಂಟಿ ಮನೆ. ಒಂದು ಗುಂಡಿ ಆರಿಸಿದರೆ ಸಾಕಾಯಿತು. ಭಾನುವಾರ ಬೆಳಿಗ್ಗೆ ಹತ್ತಕ್ಕೆಲ್ಲ ಇಂದುಮತಿ ಜಾಲರಿ ಕಟ್ಟಿ ಮುಗಿಸಿದಳು. ಅವರ ಅವ್ವ ಸಾವಿತ್ರಿಬಾಯಿ ಎಂಬತ್ತು ದಾಟಿದವರು, ನರಗಳು ಒಂದೊಂದಾಗಿ ಸಾಯುವ ಕಾಯಿಲೆ. ಮುಖ ನೆರಿಗೆಯಿಲ್ಲದೆ ಸಪಾಟಾಗಿತ್ತು. ಇಂದುಮತಿ ಕೊರಳು ಉಜ್ಜಿ, ಬಿಲ್ಲೆ ಅಂಟಿಸಿ, ತಂತಿ ಹೊಸೆದು, ಕಾಲಿಗೆ ಕಟ್ಟಿ, ಕೇಳಿದ್ದು ನಿಜವಾದರೆ ನುಂಗಲು ಪ್ರಯತ್ನಿಸಿ ಎಂದು ಹೇಳಿದಳು.

"ನಿಮ್ಮ ಹೆಸರು ಸಾವಿತ್ರಿಬಾಯಿ."

ಗೆರೆ ನೆಟ್ಟಗಿತ್ತು.

ಹಂಪಿಹೊಳಿ, "ಇನ್ನೊಮ್ಮೆ ಕೇಳ್ರಿ, ಆಕೀಗೆ ಕಿವಿ ಸ್ವಲ್ಪ ಮಂದ" ಎಂದರು. ಇಂದುಮತಿ ಬಾಗಿ ಕಿವಿಯ ಹತ್ತಿರ ಹೇಳಿದಳು. ಬಿಲ್ಲೆಗಳನ್ನು ತೆಗೆದು ಹೊಸ ಅಂಟು ಹಚ್ಚಿದಳು. ಬ್ಯಾಟರಿ ಬದಲಿಸಿದಳು. ತನ್ನದೇ ಕೊರಳಿಗೆ ಬಿಲ್ಲೆ ಇಟ್ಟು ನುಂಗಿ ನೋಡಿದಳು. ಗೆರೆ ಗುಡ್ಡದಂತೆ ಎದ್ದಿತು. ಯಂತ್ರ ಸರಿಯಾಗಿತ್ತು. ಹಣೆ, ದವಡೆ, ಹೆಬ್ಬೆರಳು, ಪಾದ ಎಲ್ಲ ಕಡೆ ಹಚ್ಚಿ ಕೇಳಿದಳು. ಹಂಪಿಹೊಳಿಯೂ ಕೇಳಿದರು. ತಮ್ಮ ಹೆಸರು ಹೇಳಿ ಕೇಳಿದರು, ತೀರಿಕೊಂಡ ಅಪ್ಪನ ಹೆಸರು ಹೇಳಿ ಕೇಳಿದರು. ಒಂದು ಗಂಟೆಯಾಯಿತು.

"ಸರ" ಎಂದಳು ಇಂದುಮತಿ. "ಸ್ನಾಯುಗಳಿಗೆ ಏನೂ ಬರವಲ್ದು ಅಂತ ಇಷ್ಟ ಹೇಳಬಹುದು. ಅವರು ಒಳಗ ಇಲ್ಲ ಅಂತ ಇದರಿಂದ ಹೇಳಾಕ ಬರೂದಿಲ್ಲ."

"ಯಾವಾಗಿಂದ ಬರವಲ್ದು?"

"ಅದೂ ಗೊತ್ತಾಗೂದಿಲ್ರಿ. ಪಟ್ಟಿ ಮಾತಾಡಕೋತ ಇತ್ತಲ್ಲ."

ಅವರು ತಲೆಯಾಡಿಸಿದರು. ಹೋದ ದೀಪಾವಳಿಗೆ ಕಣ್ಣಿನ ಪೊರೆ ತೆಗೆಸೋಣವೇ ಎಂದು ಕೇಳಿದಾಗ, ಬ್ಯಾಡೋ ಶ್ರೀಧರಾ, ಈಗ ಕಾಣೂದ ಸಾಕು ಎಂದು ಪಟ್ಟಿ ಹೇಳಿತ್ತಂತೆ. ಅದನ್ನು ಯಾರಿಗೋ ಎಂಬಂತೆ ಹೇಳಿದರು. ಎದ್ದು ಟಾರ್ಚು ತಂದು, ಅವ್ವನ ರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಎತ್ತಿ ನೋಡಿದರು. ಪೊರೆ ಎರಡೂ ಕಣ್ಣು ತುಂಬಿಕೊಂಡಿತ್ತು.

"ನಾಳೆ ಕಣ್ಣಿನ ಡಾಕ್ಟರನ್ನ ಕರಸ್ತೀನಿ" ಎಂದರು. "ಒಳಗ ಇದ್ದರ ಆಕೀಗೆ ಕಾಣಲಿ."

ಇಂದುಮತಿ ತಂತಿ ಸುತ್ತತೊಡಗಿದಳು. ಹಂಪಿಹೊಳಿ ಒಳಗೆ ಹೋಗಿ ವರದಿಯೊಡನೆ ಬಂದರು. ಶನಿವಾರವೇ ಕಚೇರಿಯಿಂದ ತಂದಿಟ್ಟುಕೊಂಡಿದ್ದರು. ಕೊನೆಯ ಪುಟದಲ್ಲಿ, ಪರೀಕ್ಷಿಸಿದ ಪಟ್ಟಿಗಳ ಯಾದಿಯ ಕೆಳಗೆ, ತಮ್ಮ ಕೈಯಿಂದ ಅವ್ವನ ಹೆಸರು, ವಯಸ್ಸು, ದಿನಾಂಕ ಸೇರಿಸಿದರು. 'ಫಲಿತಾಂಶ' ಎಂಬ ಕಡೆ ಪೆನ್ನು ತುಸು ಹೊತ್ತು ನಿಂತಿತು. 'ಸಂಕೇತ ಇಲ್ಲ' ಎಂದು ಬರೆದು, ಕೆಳಗೆ ಸಹಿ ಮಾಡಿ, ಶಾಯಿ ಆರಲೆಂದು ಹಾಳೆಯನ್ನು ಅವ್ವನ ಹಾಸಿಗೆಯ ಅಂಚಿನ ಮೇಲಿಟ್ಟರು.